ಕತ್ತಲಾಗುವ ಮುನ್ನ ಬೆಟ್ಟ ಇಳಿಯುವ ಲೆಕ್ಕ

[ದೃಶ್ಯ: ಇಳಿಹೊತ್ತಿನ ಬೆಟ್ಟ. ಒಂದು ಮೈಗೆ ಇಳಿಬಿಸಿಲು, ಇನ್ನೊಂದು ಮೈ ಆಗಲೇ ನೆರಳಲ್ಲಿದೆ.]

ಕೆಲಸ ಮುಗಿಸಿ ಶೂ ಬಿಗಿದುಕೊಂಡು ಬೆಟ್ಟದ ಕಾಲುದಾರಿಯಲ್ಲಿ ಓಡಿ, ಕತ್ತಲಾಗುವುದರೊಳಗೆ ಕೆಳಗೆ ಬಂದುಬಿಡಬೇಕು. ಹೇಳಲು ಇಷ್ಟೇ. ಈ ಓಟಕ್ಕೆ ಬೆಳಕೇ ಬಂಡವಾಳ, ಅದೂ ನಿಮಿಷಗಳ ಲೆಕ್ಕದಲ್ಲಿ ಸಿಗುವಂಥದ್ದು. ಹೆಚ್ಚಿನವರು ಅದರಲ್ಲಿ ಒಳ್ಳೆಯ ಪಾಲನ್ನು ಏರಿಗೆ ಖರ್ಚು ಮಾಡಿ, ಉಳಿದ ಚೂರುಪಾರನ್ನು ಇಳಿಜಾರಿಗೆ ಇಟ್ಟುಕೊಳ್ಳುತ್ತಾರೆ. ಆಗಬೇಕಾದದ್ದು ಇದರ ತಿರುಗುಮುರುಗು ಎಂಬುದು ನನ್ನ ವಾದ.

ಮೊದಲು ಮೊಬೈಲ್ ತೋರಿಸುವ ಸೂರ್ಯಾಸ್ತದ ಸಮಯವನ್ನು ನೋಡೋಣ. ಇವತ್ತು ಸಂಜೆ 6:45 ಎಂದಿದೆ ಎನ್ನಿ. ಅದು ಸಮತಟ್ಟಾದ ದಿಗಂತಕ್ಕೆ ಹಾಕಿದ ಲೆಕ್ಕ. ಕಡಲತೀರದಲ್ಲಿ ನಿಂತವರಿಗೆ ಸರಿ. ಪಶ್ಚಿಮಕ್ಕೆ ಗುಡ್ಡಸಾಲು ಎದ್ದು ನಿಂತಿರುವ ಕಣಿವೆಯಲ್ಲಿ ಅದನ್ನು ನಂಬಿದರೆ ಕೆಟ್ಟಿರಿ. ಎಷ್ಟು ವ್ಯತ್ಯಾಸ ಎಂದು ತಿಳಿಯಲು ನಿಮ್ಮ ಕೈಯೇ ಸಾಕು.

[ದೃಶ್ಯ: ಚಾಚಿದ ತೋಳು, ಹೆಬ್ಬೆರಳು ಮೇಲಿರುವ ಮುಷ್ಟಿ. ಕೆಳಅಂಚು ಕಣ್ಣಿನ ಮಟ್ಟದಲ್ಲಿದೆ, ಮೇಲಂಚು ಎದುರಿನ ಗುಡ್ಡದ ನೆತ್ತಿಗೆ ತಾಗಿದೆ.]

ತೋಳನ್ನು ಪೂರ್ತಿ ಚಾಚಿ ಹಿಡಿದ ಮುಷ್ಟಿ ಆಕಾಶದಲ್ಲಿ ಸುಮಾರು 10 ಡಿಗ್ರಿ ಅಳೆಯುತ್ತದೆ. ಭೂಮಿ ತಿರುಗುವುದು ಗಂಟೆಗೆ 15 ಡಿಗ್ರಿ. ಹಾಗಾಗಿ ಸೂರ್ಯ ಒಂದು ಮುಷ್ಟಿಯಷ್ಟು ಇಳಿಯಲು ಸುಮಾರು 40 ನಿಮಿಷ ಬೇಕು. ಅವನು ಓರೆಯಾಗಿ ಇಳಿಯುವ ಕಡೆಗಳಲ್ಲಿ ಇನ್ನೂ ಹೆಚ್ಚು. ಪಶ್ಚಿಮದ ಗುಡ್ಡ ಒಂದು ಮುಷ್ಟಿ ಎತ್ತರ ಕಂಡರೆ ನಿಮ್ಮ ಪಾಲಿಗೆ ಹೊತ್ತು ಕಂತುವುದು 6:05ರ ಸುಮಾರಿಗೆ, ಇಲ್ಲವೇ ಅದಕ್ಕೂ ಮೊದಲು. ಪೂರ್ವಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಬಿಸಿಲು ಇನ್ನೂ ಬೇಗ ಹೋಗುತ್ತದೆ.

ಸೂರ್ಯ ಮರೆಯಾದ ಮೇಲೂ ಆಕಾಶದಲ್ಲಿ ಬೆಳಕು ಉಳಿದಿರುತ್ತದೆ, ನಿಜ. ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗಿಳಿಯುವವರೆಗೆ ಬಯಲಿನಲ್ಲಿ ದೀಪವಿಲ್ಲದೆ ಓಡಾಡಬಹುದು. ಸಮಭಾಜಕ ವೃತ್ತದ ಬಳಿ ಸೂರ್ಯ ನೆಟ್ಟಗೆ ಮುಳುಗುವುದರಿಂದ ಈ ಮಬ್ಬು ಬೆಳಕು ಇಪ್ಪತ್ತು–ಇಪ್ಪತ್ತೈದು ನಿಮಿಷಗಳಲ್ಲಿ ಮುಗಿಯುತ್ತದೆ. 65 ಡಿಗ್ರಿ ಉತ್ತರ ಅಕ್ಷಾಂಶದಲ್ಲಾದರೆ ಜೂನ್ 21ರ ಆಸುಪಾಸಿನಲ್ಲಿ ಅದು ರಾತ್ರಿಯಿಡೀ ಇರುತ್ತದೆ. ಅಂಥ ಕಡೆ ಇರುವವರು ಬೇಸಿಗೆಯಲ್ಲಿ ಈ ವಿಡಿಯೋ ನೋಡಬೇಕಾಗಿಲ್ಲ. ಉಳಿದವರು ಇನ್ನೊಂದು ಮಾತು ನೆನಪಿಡಬೇಕು: ಇದೆಲ್ಲ ಬಯಲಿನ ಲೆಕ್ಕ. ದಟ್ಟ ಮರಗಳ ಕೆಳಗೆ ಕತ್ತಲು ಗಡಿಯಾರಕ್ಕೆ ಕಾಯುವುದಿಲ್ಲ.

[ದೃಶ್ಯ: ನೆಲಮಟ್ಟದ ಕ್ಯಾಮೆರಾ. ಒಣ ಎಲೆಗಳ ನಡುವೆ ದಾರಿಗೆ ಅಡ್ಡಲಾಗಿ ಹಾದ ಬೇರು, ಪಕ್ಕದಿಂದ ಬೀಳುತ್ತಿರುವ ಬಿಸಿಲು.]

ಈ ಬೇರನ್ನು ಗಮನಿಸಿ. ನೆಲದಿಂದ 3 ಸೆಂಟಿಮೀಟರ್ ಎದ್ದಿದೆ, ಅಷ್ಟೆ. ಸೂರ್ಯ 10 ಡಿಗ್ರಿ ಎತ್ತರದಲ್ಲಿದ್ದಾಗ ಇದರ ನೆರಳು 17 ಸೆಂಟಿಮೀಟರ್ ಉದ್ದ ಬೀಳುತ್ತದೆ. ಬಿಸಿಲು ಪಕ್ಕದಿಂದ ಬರುತ್ತಿದ್ದರೆ ದಾರಿಯ ಪ್ರತಿ ಉಬ್ಬೂ ತಗ್ಗೂ ಗೆರೆ ಎಳೆದಂತೆ ಎದ್ದು ಕಾಣುತ್ತದೆ. ಸೂರ್ಯ ಗುಡ್ಡದ ಹಿಂದೆ ಸರಿದ ಕೂಡಲೇ ಬೆಳಕು ಇಡೀ ಆಕಾಶದಿಂದ ಸಮನಾಗಿ ಸುರಿಯತೊಡಗುತ್ತದೆ, ನೆರಳು ಅಳಿಸಿಹೋಗುತ್ತದೆ. ಬೇರು ಅಲ್ಲೇ ಇದೆ, ಅದರ ಗುರುತು ಮಾತ್ರ ಇಲ್ಲ. ದೂರದ ಬೆಟ್ಟ ನುಣ್ಣಗೆ ಎನ್ನುತ್ತೇವಲ್ಲ, ಮುಸ್ಸಂಜೆಯಲ್ಲಿ ಕಾಲಡಿಯ ಬೆಟ್ಟವೂ ನುಣ್ಣಗೇ ಕಾಣುತ್ತದೆ.

ಕಣ್ಣಿನೊಳಗೂ ಅದೇ ಹೊತ್ತಿಗೆ ಕೆಲಸ ಕೈ ಬದಲಾಗುತ್ತಿರುತ್ತದೆ. ಹಗಲಿನಲ್ಲಿ ಬಣ್ಣವನ್ನೂ ಸೂಕ್ಷ್ಮ ವಿವರವನ್ನೂ ಕೊಡುವ ಶಂಕು ಕೋಶಗಳು ಹಿಂದೆ ಸರಿದು, ಮಂದ ಬೆಳಕಿಗೆ ಸ್ಪಂದಿಸುವ ದಂಡ ಕೋಶಗಳು ಮುಂದೆ ಬರುತ್ತವೆ. ಅವು ಕತ್ತಲಿಗೆ ಚೆನ್ನಾಗಿ ಹೊಂದಿಕೊಳ್ಳಲು ಅರ್ಧ ಗಂಟೆಯಷ್ಟು ಬೇಕು. ಈ ನಡುವೆ ಕೆಂಪು ಬಣ್ಣ ಕಪ್ಪಾಗುತ್ತದೆ, ಹಸಿರು–ನೀಲಿ ಹೆಚ್ಚು ಹೊಳೆದಂತೆ ಕಾಣುತ್ತದೆ. ಇದನ್ನು ಗುರುತಿಸಿದವರು 19ನೇ ಶತಮಾನದ ಚೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆ. ಮರಕ್ಕೆ ಬಳಿದ ಕೆಂಪು ದಾರಿಗುರುತನ್ನು ನಂಬಿಕೊಂಡು ಹೋಗುವವರಿಗೆ ಇದು ಬರಿಯ ಪಠ್ಯಪುಸ್ತಕದ ವಿಷಯವಲ್ಲ.

ಈಗ ಇಳಿಜಾರಿಗೆ ಬರೋಣ. ಏರಿನಲ್ಲಿ ಏದುಸಿರು ಬಿಡುತ್ತ ಹೋಗುವಾಗ ವೇಗ ಕಡಿಮೆ, ಕಣ್ಣು ನೆಲಕ್ಕೆ ಹತ್ತಿರ. ಎಡವಿದರೂ ಕೈ ಊರಿ ನಿಲ್ಲಬಹುದು. ಇಳಿಯುವಾಗ, ಕಿಲೋಮೀಟರಿಗೆ 8 ನಿಮಿಷದ ಸಾಧಾರಣ ಗತಿಯಲ್ಲೂ, ಸೆಕೆಂಡಿಗೆ 2 ಮೀಟರ್ ಸಾಗುತ್ತೀರಿ. ಮಬ್ಬಿನಲ್ಲಿ ಕಲ್ಲನ್ನು ಗುರುತಿಸಲು ಕಣ್ಣು ಅರ್ಧ ಸೆಕೆಂಡ್ ತಡಮಾಡಿದರೆ ಒಂದು ಮೀಟರ್ ಮುಂದೆ ಹೋಗಿಯಾಯಿತು. ಹೆಜ್ಜೆ ಆಗಲೇ ಬಿದ್ದಿರುತ್ತದೆ. ಜೊತೆಗೆ ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ಭಾರ ತಡೆಯಬೇಕು. ಏರು ಮುಗಿಸಿ ಸೋತ ತೊಡೆ, ಕಾಣದ ನೆಲ, ಹೆಚ್ಚಿದ ವೇಗ ಮೂರೂ ಒಟ್ಟಿಗೆ ಸೇರುವುದು ಇಳಿಜಾರಿನಲ್ಲೇ. ಒಳ್ಳೆಯ ಬೆಳಕು ಅದಕ್ಕೇ ಸಲ್ಲಬೇಕು.

[ಪರದೆಯ ಮೇಲೆ: ಏರು 3.5 ಕಿ.ಮೀ. | ಎತ್ತರ 350 ಮೀ.]

ಲೆಕ್ಕ ಹಾಕೋಣ. ಸ್ಕಾಟ್ಲೆಂಡ್‌ನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ನಡಿಗೆಗೆಂದು ಒಂದು ಸೂತ್ರ ಕೊಟ್ಟರು: ಪ್ರತಿ 3 ಮೈಲಿಗೆ ಒಂದು ಗಂಟೆ, ಪ್ರತಿ 2000 ಅಡಿ ಏರಿಗೆ ಇನ್ನೊಂದು ಗಂಟೆ. ಅದರೊಳಗೆ ಅಡಗಿರುವ ಅನುಪಾತ ಓಟಕ್ಕೂ ಅನುಕೂಲ. ಒಂದು ಮೀಟರ್ ಏರು ಸುಮಾರು 8 ಮೀಟರ್ ಸಮತಟ್ಟು ದಾರಿಗೆ ಸಮ. 350 ಮೀಟರ್ ಏರಿದರೆ 2.8 ಕಿಲೋಮೀಟರ್ ಸೇರಿಸಿಕೊಳ್ಳಿ, ಒಟ್ಟು 6.3. ಕಾಲುದಾರಿಯಲ್ಲಿ ನಿಮ್ಮ ಸಮತಟ್ಟಿನ ಗತಿ ಕಿಲೋಮೀಟರಿಗೆ 7 ನಿಮಿಷವಾದರೆ ಹತ್ತಲು 44 ನಿಮಿಷ. ಇಳಿಯಲು ಆಗಲೇ ಹೇಳಿದ 8 ನಿಮಿಷದ ಗತಿಯಲ್ಲಿ 28. ಹತ್ತುವುದಕ್ಕೆ ಮೂರು ಪಾಲು, ಇಳಿಯುವುದಕ್ಕೆ ಎರಡು ಪಾಲು ಎಂದು ಇಟ್ಟುಕೊಳ್ಳಬಹುದು. ಇಳಿಜಾರಿಗೆ ಹೊಸಬರಾದರೆ ಸಮಪಾಲು ಮಾಡಿ.

ಪಶ್ಚಿಮಕ್ಕೆ ಗುಡ್ಡ ಅಡ್ಡವಿಲ್ಲ ಎನ್ನಿ. ಮರಗಳ ನಡುವಿನ ದಾರಿಯಿಂದ 6:35ಕ್ಕೆ ಹೊರಬೀಳಬೇಕು ಎಂದು ತೀರ್ಮಾನಿಸಿ. ಸೂರ್ಯಾಸ್ತಕ್ಕೆ 10 ನಿಮಿಷ ಮೊದಲು, ಅದು ಜಾರುವ ಕಲ್ಲಿಗೆ, ಬಿಚ್ಚಿದ ಲೇಸಿಗೆ ಮೀಸಲು. 5:20ಕ್ಕೆ ಹೊರಟರೆ ನೆತ್ತಿ ಮುಟ್ಟಿ ಬರಬಹುದು. ಆದರೆ ಹೊರಡುವ ಹೊತ್ತಿಗೇ ಮೇಲಧಿಕಾರಿಗೆ ಏನೋ ನೆನಪಾಗಿ 5:50 ಆಯಿತು. ಈಗ ಕೈಯಲ್ಲಿರುವುದು 45 ನಿಮಿಷ. ಮೂರು ಪಾಲು 27, ಎರಡು ಪಾಲು 18. ಅಂದರೆ ಎಲ್ಲೇ ಇರಿ, 6:17ಕ್ಕೆ ತಿರುಗಬೇಕು. ನೆತ್ತಿ ಇನ್ನೂರು ಹೆಜ್ಜೆ ದೂರದಲ್ಲಿ ಕಾಣುತ್ತಿದ್ದರೂ.

ಆ ಸಮಯಕ್ಕೆ ಗಡಿಯಾರದಲ್ಲಿ ಅಲಾರಂ ಇಡಿ ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. ಸಂಜೆಯ ಹೊತ್ತು ಮೈ ಓಟಕ್ಕೆ ಸಿದ್ಧವಾಗಿರುತ್ತದೆ. ದೇಹದ ಉಷ್ಣತೆಯೂ ಸ್ನಾಯುಗಳ ಬಲವೂ ದಿನದಲ್ಲಿ ಗರಿಷ್ಠ ಮಟ್ಟ ಮುಟ್ಟುವುದು ಮಧ್ಯಾಹ್ನ ಕಳೆದು ಸಂಜೆಯಾಗುವ ಹೊತ್ತಿಗೇ. ದಣಿದಿರುವುದು ತಲೆ. 2009ರಲ್ಲಿ ಪ್ರಕಟವಾದ, ವ್ಯಾಯಾಮ ವಿಜ್ಞಾನಿ ಸಾಮುಯೆಲೆ ಮಾರ್ಕೋರಾ ಮತ್ತು ಸಂಗಡಿಗರ ಪ್ರಯೋಗದಲ್ಲಿ, 90 ನಿಮಿಷ ಗಮನ ಬೇಡುವ ಕೆಲಸ ಮಾಡಿ ಸೈಕಲ್ ತುಳಿದವರು ಬೇಗ ಕೈಚೆಲ್ಲಿದರು. ಹೃದಯ, ಸ್ನಾಯುಗಳಲ್ಲಿ ಅದಕ್ಕೆ ತಕ್ಕ ವ್ಯತ್ಯಾಸ ಇರಲಿಲ್ಲ. ಶ್ರಮ ಮಾತ್ರ ಹೆಚ್ಚೆನಿಸಿತ್ತು. ದಿನವಿಡೀ ಪರದೆ ನೋಡಿದ ತಲೆಗೆ ಬೆಟ್ಟದ ಮೇಲೆ ಮತ್ತೊಂದು ತೀರ್ಮಾನದ ಹೊಣೆ ಹೊರಿಸಬೇಡಿ. ಹೊಸ ದಾರಿ ಹುಡುಕುವ ಆಸೆಯನ್ನೂ ರಜೆಯ ಬೆಳಗಿಗೆ ಇಟ್ಟುಕೊಳ್ಳಿ.

ಒಮ್ಮೆ ಹಾಕಿದ ಲೆಕ್ಕ ಎಷ್ಟು ದಿನ ನಡೆಯುತ್ತದೆ? ಸಮಭಾಜಕದ ಹತ್ತಿರ ವರ್ಷವಿಡೀ ಹೆಚ್ಚು ಬದಲಾವಣೆಯಿಲ್ಲ. 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಸೆಪ್ಟೆಂಬರ್ ಕೊನೆಗೆ ಸೂರ್ಯಾಸ್ತ ದಿನಕ್ಕೆ 2 ನಿಮಿಷಕ್ಕೂ ಹೆಚ್ಚು ಹಿಂದೆ ಬರುತ್ತದೆ. ಒಂದು ವಾರ ಬಿಟ್ಟು ಹೋದರೆ ಕಾಲು ಗಂಟೆ ಕಳೆದಂತೆ. ಚಳಿಗಾಲಕ್ಕೆ ಗಡಿಯಾರವನ್ನು ಹಿಂದಿಡುವ ದೇಶಗಳಲ್ಲಂತೂ ಸಂಜೆಯ ಒಂದು ಗಂಟೆ ರಾತ್ರೋರಾತ್ರಿ ಮಾಯ.

[ದೃಶ್ಯ: ಒಂದೇ ಕಲ್ಲು, ಎರಡು ಚಿತ್ರ. ಎಡಕ್ಕೆ ಹಣೆಯ ದೀಪದಲ್ಲಿ, ಬಲಕ್ಕೆ ಸೊಂಟದ ಮಟ್ಟದ ದೀಪದಲ್ಲಿ.]

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ದೀಪ ಬೇಕೇ? ಬೇಕು. ಹಣೆಗೆ ಕಟ್ಟುವ ದೀಪದಲ್ಲಿ ಒಂದು ಕೊರತೆಯಿದೆ: ಬೆಳಕು ಕಣ್ಣಿನ ಪಕ್ಕದಿಂದಲೇ ಹೊರಡುವುದರಿಂದ ಕಲ್ಲಿನ ನೆರಳು ಕಲ್ಲಿನ ಹಿಂದೆಯೇ ಅಡಗುತ್ತದೆ. ಅದೇ ದೀಪವನ್ನು ಕೈಯಲ್ಲಿ ಸೊಂಟದ ಮಟ್ಟಕ್ಕೆ ಹಿಡಿದರೆ ನೆರಳು ಮತ್ತೆ ಕಾಣುತ್ತದೆ. ಚಳಿಯಲ್ಲಿ ಬ್ಯಾಟರಿ ಬೇಗ ಸೋಲುವುದರಿಂದ ಮೈಗೆ ಹತ್ತಿರದ ಜೇಬಿನಲ್ಲಿಡಿ. ಮೊಬೈಲ್ ಟಾರ್ಚನ್ನೇ ನೆಚ್ಚಿಕೊಂಡರೆ ಕರೆ ಮಾಡಲು ಬೇಕಾದ ಬ್ಯಾಟರಿ ಅದರಲ್ಲೇ ಕರಗುತ್ತದೆ.

ಒಂದು ತೆಳುವಾದ ಗಾಳಿತಡೆ ಜಾಕೆಟ್ ಇರಲಿ. ಸೂರ್ಯ ಹೋದ ಮೇಲೆ ಇಳಿಜಾರಿನ ತಂಪು ಗಾಳಿ ಕಣಿವೆಗೆ ಜಾರುತ್ತದೆ, ಬೆವರಿನಲ್ಲಿ ನೆಂದ ಬಟ್ಟೆ ಕ್ಷಣದಲ್ಲಿ ತಣ್ಣಗಾಗುತ್ತದೆ. ಎಷ್ಟು ಹೊತ್ತಿಗೆ ಹಿಂತಿರುಗುತ್ತೀರಿ ಎಂದು ಯಾರಿಗಾದರೂ ತಿಳಿಸಿ ಹೋಗಿ. ಮುಸ್ಸಂಜೆ ಅನೇಕ ಪ್ರಾಣಿಗಳು ಓಡಾಡುವ ಹೊತ್ತು. ಕಿವಿಗೆ ಹಾಡು ಬೇಡ.

ಎಲ್ಲ ಮೀರಿಯೂ ಕತ್ತಲಾಯಿತೇ? ಓಡುವುದನ್ನು ನಿಲ್ಲಿಸಿ ನಡೆಯಿರಿ. ಅಡ್ಡದಾರಿ ಹಿಡಿಯಬೇಡಿ, ಬಂದ ದಾರಿಯಲ್ಲೇ ಇಳಿಯಿರಿ. ಕಾಲು ಉಳುಕಿ ಕದಲಲಾಗದಿದ್ದರೆ, ಫೋನ್ ಸಂಪರ್ಕವೂ ಇಲ್ಲದಿದ್ದರೆ, ಬೆಟ್ಟಗಳಲ್ಲಿ ಬಳಸುವ ಅಂತರರಾಷ್ಟ್ರೀಯ ಸಂಕೇತವೊಂದಿದೆ: ನಿಮಿಷಕ್ಕೆ 6 ಬಾರಿ ದೀಪ ಮಿನುಗಿಸಿ ಅಥವಾ ಶಿಳ್ಳೆ ಊದಿ, ಒಂದು ನಿಮಿಷ ಬಿಡುವು ಕೊಟ್ಟು ಮತ್ತೆ 6 ಬಾರಿ. ಎದುರಿನಿಂದ ನಿಮಿಷಕ್ಕೆ 3 ಬಾರಿ ಉತ್ತರ ಬಂದರೆ ನಿಮ್ಮ ಸಂಕೇತ ತಲುಪಿದೆ ಎಂದರ್ಥ. ಅವರು ನಿಮ್ಮ ಬಳಿ ಬರುವವರೆಗೆ ಸಂಕೇತವನ್ನು ಮುಂದುವರಿಸಿ, ಜಾಗ ಬದಲಿಸಬೇಡಿ.