ಹದ ಬರೋತನಕ ಕಾಯ್ರಿ

ನಮಸ್ಕಾರ. ಕಲಬುರಗಿಯಲ್ಲಿ ಇವತ್ತು ಬೆಳಗಿನಿಂದ ಮೋಡ ಮುಸುಕಿದೆ. ಮೋಡ ಕಂಡರೆ ನನಗೆ ನಮ್ಮ ಕಾಕಾನ ನೆನಪು ಬರುತ್ತದೆ. ಅವರದು ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ದಂಡೆಯ ಹಳ್ಳಿ. 2020ರ ಅಕ್ಟೋಬರ್‌ನಲ್ಲಿ ಹೊಳೆ ಬಂತಲ್ಲ, ಆ ರಾತ್ರಿ ಅವರ ಮನೆಯೊಳಗೆ ಸೊಂಟದ ಮಟ್ಟ ನೀರು. ಕತ್ತಲಲ್ಲಿ ಎಮ್ಮೆಯ ಹಗ್ಗ ಬಿಚ್ಚಲು ಹೋದರು, ನೆನೆದ ಗಂಟು ಬಿಚ್ಚಲಿಲ್ಲ. ಮನೆಯವರೆಲ್ಲ ಉಳಿದರು, ಎಮ್ಮೆ ಉಳಿಯಲಿಲ್ಲ.

ಇವತ್ತಿಗೂ ತಗಡಿನ ಮೇಲೆ ನಾಲ್ಕು ಹನಿ ಬಿದ್ದರೆ ಸಾಕು, ಎಷ್ಟೇ ಹೊತ್ತಾಗಿರಲಿ, ಕಾಕಾ ಎದ್ದು ಹೋಗಿ ಕೊಟ್ಟಿಗೆಯ ದನಗಳನ್ನೆಲ್ಲ ಬಿಚ್ಚಿಬಿಡುತ್ತಾರೆ.

ಊರವರು "ಅಂಜಿಕಿ ಹೊಕ್ಕದ" ಅಂದರು. ಗಾಣಗಾಪುರಕ್ಕೆ ಕರೆದುಕೊಂಡು ಹೋಗಿ ಬಂದದ್ದೂ ಆಯಿತು. ಅದನ್ನು ನಾನು ಹಾಸ್ಯ ಮಾಡುವುದಿಲ್ಲ, ಅಲ್ಲಿ ಅವರಿಗೆ ಎರಡು ದಿನ ಚೆನ್ನಾಗಿ ನಿದ್ದೆ ಬಂತು. ಡಾಕ್ಟರರ ಪುಸ್ತಕದಲ್ಲಿ ಇದಕ್ಕೆ ಪಿಟಿಎಸ್‌ಡಿ ಅಂತಾರೆ, ಅಂದರೆ ದೊಡ್ಡ ಆಘಾತ ಆದಮೇಲೆ ಬಿಡದೆ ಕಾಡುವ ಮನಸ್ಸಿನ ಕಾಯಿಲೆ. ಈ ಹೆಸರು 1980ರಲ್ಲಿ ಅಮೆರಿಕದ ಮನೋವೈದ್ಯರ ಪಟ್ಟಿಗೆ ಸೇರಿತು. ಆಗ ಎಲ್ಲರ ಕಣ್ಣು ವಿಯೆಟ್ನಾಂನಿಂದ ಬಂದ ಸೈನಿಕರ ಮೇಲೆ. ಅದಕ್ಕೇ ಏನೋ, ಇದು ಯುದ್ಧಕ್ಕೆ ಹೋದವರ ಕಾಯಿಲೆ, ನಮ್ಮಂಥವರಿಗೆ ಬರಲ್ಲ ಅಂತ ಈಗಲೂ ತುಂಬಾ ಜನ ತಿಳಿದಿದ್ದಾರೆ.

ಕಾಕಾನ ಕಾರಣಕ್ಕೆ ನಾನು ಈ ಕಾಯಿಲೆಯ ಚಿಕಿತ್ಸಾ ಮಾರ್ಗಸೂಚಿಗಳನ್ನು ಓದಲು ಕೂತೆ. ವಿಶ್ವ ಆರೋಗ್ಯ ಸಂಸ್ಥೆಯದು 2013ರದ್ದು, ಬ್ರಿಟನ್ನಿನ ನೈಸ್ ಸಂಸ್ಥೆಯದು 2018ರದ್ದು, ಅಮೆರಿಕದಲ್ಲಿ ಸೈನಿಕರಿಗಾಗಿ ಮಾಡಿದ್ದು 2023ರದ್ದು. ಯಾವ ಔಷಧಿ ಕೊಡಬೇಕು ಅಂತ ಹುಡುಕುತ್ತಿದ್ದವನಿಗೆ ಮೊದಲು ಸಿಕ್ಕಿದ್ದು ಏನು ಮಾಡಬಾರದು ಅನ್ನುವ ಮಾತು. ಓದಿ ಮುಖ ಸಣ್ಣದಾಯಿತು. ಮಾಡಬಾರದು ಅಂದದ್ದರಲ್ಲಿ ಎರಡು ತಪ್ಪನ್ನು ನಾವು ಮಾಡಿದ್ದೆವು.

ಒಂದು, ಆಘಾತ ಆದ ಕೂಡಲೇ ಕೂರಿಸಿಕೊಂಡು ನಡೆದದ್ದನ್ನೆಲ್ಲ ಹೇಳಿಸಬೇಡಿ. ನಮ್ಮಲ್ಲಿ "ಮಾತಾಡಿಸಿಕೊಂಡು ಬರೋಣ" ಅಂತ ಹೋಗುತ್ತೇವಲ್ಲ? ಕಾಕಾನ ಹತ್ತಿರ ಮೊದಲ ವಾರ ಬಂದವರಿಗೆ ಲೆಕ್ಕವಿಲ್ಲ. ಬಂದವರೆಲ್ಲ ಕೇಳಿದ್ದು ಅದೇ: ನೀರು ಎಷ್ಟೊತ್ತಿಗೆ ಬಂತು, ಎಮ್ಮೆ ಕೂಗಿತೇನು? ಮೊಬೈಲ್ ಹಿಡಿದು ವಿಡಿಯೋ ಮಾಡಿದವರೂ ಇದ್ದರು. ಕಕ್ಕುಲಾತಿಯಿಂದಲೇ ಕೇಳಿದರು, ಸುಳ್ಳಲ್ಲ. ಆದರೆ 1997ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನ ನೋಡಿ. ಸುಟ್ಟ ಗಾಯದಿಂದ ಆಸ್ಪತ್ರೆ ಸೇರಿದ್ದವರಲ್ಲಿ ಕೆಲವರಿಗೆ ಒಂದೇ ಸಲ ಕೂರಿಸಿ ಎಲ್ಲ ಹೇಳಿಸಿದರು, ಉಳಿದವರನ್ನು ಹಾಗೇ ಬಿಟ್ಟರು. 13 ತಿಂಗಳ ಮೇಲೆ ನೋಡಿದರೆ, ಹೇಳಿಸಿದವರಲ್ಲಿ ನೂರಕ್ಕೆ 26 ಮಂದಿಗೆ ಪಿಟಿಎಸ್‌ಡಿ. ಬಿಟ್ಟವರಲ್ಲಿ 9 ಮಂದಿಗೆ.

ಇನ್ನೊಂದು, ನಿದ್ದೆ ಗುಳಿಗೆ. ಡಯಾಜೆಪಾಮ್, ಅಲ್ಪ್ರಾಜೋಲಾಮ್ ಜಾತಿಯವು. ಮೊದಲ ತಿಂಗಳಲ್ಲಿ ಆಘಾತದ ಲಕ್ಷಣಗಳಿಗೆ ಇವನ್ನು ಕೊಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಮೇಲೂ ಪಿಟಿಎಸ್‌ಡಿಗೆ ಇವು ಬೇಡ ಅನ್ನುತ್ತದೆ ಅಮೆರಿಕದ್ದು. ಇವು ನಿದ್ದೆ ತರುತ್ತವೆ, ನೆನಪಿನ ಕಾಟ ಬಿಡಿಸುವುದಿಲ್ಲ. ಬದಲಿಗೆ ಇವೇ ಚಟವಾಗಿ ಅಂಟಿಕೊಳ್ಳುತ್ತವೆ. ಕಾಕಾ ಮೂರು ವರ್ಷ ನುಂಗಿದರು. ಬರೆದುಕೊಟ್ಟ ಡಾಕ್ಟರರನ್ನು ನಾನು ಬೈಯಲ್ಲ, ಹೊರಗೆ ಪಾಳಿ ಹಚ್ಚಿ ಕೂತ ಜನ ನೋಡಿದ್ದೇನೆ. ಹಾಂ, ಈಗ ಇಂಥ ಗುಳಿಗೆ ತಗೊಳ್ತಿರುವವರು ಈ ವಿಡಿಯೋ ನೋಡಿ ನಾಳೆಯಿಂದಲೇ ಬಿಟ್ಟುಬಿಡಬೇಡಿ. ಒಮ್ಮೆಲೇ ಬಿಟ್ಟರೆ ಅಪಾಯ. ಡಾಕ್ಟರರನ್ನು ಕೇಳಿ ನಿಧಾನಕ್ಕೆ ಇಳಿಸಬೇಕು.

ಇಷ್ಟು ಓದಿ ಮುಂದಕ್ಕೆ ಹೋದರೆ ನನಗೆ ಗೊಂದಲ. ಇದೇ ಮಾರ್ಗಸೂಚಿಗಳು, ಒಂದು ತಿಂಗಳು ದಾಟಿಯೂ ಕಾಯಿಲೆ ಹೋಗದೆ ಉಳಿದರೆ ಮೊದಲ ಮದ್ದು ಮಾತು ಅನ್ನುತ್ತವೆ. ಅದೂ ಎಂಥ ಮಾತು? ಆ ರಾತ್ರಿಯ ಬಗ್ಗೆಯೇ! ಸರ್ಟ್ರಾಲೀನ್, ವೆನ್ಲಫ್ಯಾಕ್ಸಿನ್‌ನಂಥ ಔಷಧಿಗೂ ಜಾಗ ಇದೆ, ಆದರೆ ಮಾತಿನ ಹಿಂದೆ. ಅಲ್ಲ, ಹೇಳಿಸಬೇಡಿ ಅಂದವರೇ ಈಗ ಹೇಳಿಸಿ ಅಂತಾರಲ್ಲ?

ಎರೆ ಹೊಲದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಮಳೆ ಬಂದ ಮರುದಿನ ಹೊಲಕ್ಕೆ ಇಳಿದರೆ ಕಾಲೂ ಹೂಳುತ್ತದೆ, ಎತ್ತೂ ಹೂಳುತ್ತದೆ. ಹದ ಬರೋತನಕ ಕಾಯಬೇಕು. ಮೊದಲ ವಾರದಲ್ಲಿ ಕೇಳುವವರ ಕುತೂಹಲಕ್ಕೆ ಕಾಕಾ ಉತ್ತರ ಕೊಟ್ಟರು. ಚಿಕಿತ್ಸೆಯಲ್ಲಿ ಹಾಗಲ್ಲ. ತರಬೇತಿ ಆದವರೊಬ್ಬರು ಎದುರಿಗಿರುತ್ತಾರೆ. ಇವತ್ತು ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವ ಲಗಾಮು ಹೇಳುವವರ ಕೈಯಲ್ಲಿ. ಹೇಳುತ್ತಾ ಹೇಳುತ್ತಾ, ಆ ರಾತ್ರಿ ಮುಗಿದುಹೋಗಿದೆ ಅಂತ ಮೈಗೆ ಗೊತ್ತಾಗಬೇಕು. ಮಳೆ ಬೇರೆ, ಹೊಳೆ ಬೇರೆ ಅಂತ ಗೊತ್ತಾಗಬೇಕು.

ಎಲ್ಲರಿಗೂ ಇದು ಬೇಕಿಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ಜಗತ್ತಿನಲ್ಲಿ ನೂರಕ್ಕೆ 70 ಮಂದಿ ಬದುಕಿನಲ್ಲಿ ಒಮ್ಮೆಯಾದರೂ ಇಂಥ ಆಘಾತ ಕಾಣುತ್ತಾರೆ. ಅವರಲ್ಲಿ ಪಿಟಿಎಸ್‌ಡಿ ಆಗುವುದು ನೂರಕ್ಕೆ 5.6ರಷ್ಟು ಮಂದಿಗೆ. ಉಳಿದವರಿಗೆ ಊಟ, ಸೂರು, ಜೊತೆಗೊಬ್ಬರು ಇದ್ದರೆ ಹೆಚ್ಚುಕಡಿಮೆ ಸಾಕು. 2021ರಲ್ಲಿ ಚಿಂಚೋಳಿಯ ಗಡಿಕೇಶ್ವರದಲ್ಲಿ ನೆಲ ನಡುಗಿದಾಗ ಜನ ಮನೆ ಬಿಟ್ಟು ಹೊರಗೆ ಮಲಗಿದರಲ್ಲ, ಅಂಥ ಹೊತ್ತಿನಲ್ಲಿ ಬೇಕಾದದ್ದು ಟೆಂಟು, ನಿಜವಾದ ಸುದ್ದಿ. ಪ್ರಶ್ನೆ ಕೇಳುವವರಲ್ಲ.

ನನ್ನ ಸಿಟ್ಟು ಇರುವುದು ಬೇರೆ ಕಡೆ. ಮಾತಿನ ಚಿಕಿತ್ಸೆ ಅಂದರೆ 8ರಿಂದ 12 ಸಲ ಕೂರಬೇಕು ಅನ್ನುತ್ತದೆ ನೈಸ್. ಕಾಕಾನಿಗೆ ಅದು 12 ಸಲ ಕಲಬುರಗಿಗೆ ಬಸ್ಸು, 12 ದಿನದ ಕೂಲಿ. ಗುಳಿಗೆಯಾದರೆ ಜೇಬಿನಲ್ಲಿ ಬರುತ್ತದೆ. ಹಾಗಾಗಿ ನಮ್ಮಲ್ಲಿ ಸಾಲು ತಿರುವುಮುರುವು: ಗುಳಿಗೆ ಮುಂದೆ, ಮಾತು ಹಿಂದೆ, ಎಷ್ಟೋ ಜನರಿಗೆ ಮಾತು ಇಲ್ಲವೇ ಇಲ್ಲ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ ಇದೆ, ಒಳ್ಳೆಯದು. ಆದರೆ ಜೊತೆಗೆ ಒಂದು ಗಂಟೆ ಕೂತು ಕೇಳುವ ಆಪ್ತಸಮಾಲೋಚಕರೂ ಬರಬೇಕು, ಈ ಚಿಕಿತ್ಸೆ ಕಲಿತವರೇ ಬರಬೇಕು. ಇದೇನು ಆಕಾಶ ಕೇಳಿದ ಹಾಗಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೆ ತರಬೇತಿ ಕೊಟ್ಟು ಮನಸ್ಸಿನ ಕಾಯಿಲೆ ನೋಡುವುದನ್ನು 80ರ ದಶಕದಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿಯಲ್ಲಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ಸದ್ಯಕ್ಕೆ ಕೈಯಲ್ಲಿರುವುದು ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, 14416. ಪುಕ್ಕಟೆ ಕರೆ. ಹೋದ ವಾರ ಊರಿಗೆ ಹೋದಾಗ ಚೀಟಿಯಲ್ಲಿ ಬರೆದು ಕಾಕಾನ ಕೈಗೆ ಕೊಟ್ಟೆ. ಕನ್ನಡದಲ್ಲೇ ಮಾತಾಡ್ತಾರೆ ಅಂದೆ. ಚೀಟಿಯನ್ನು ತಿರುಗಿಸಿ ನೋಡಿದರು.

"ಯಾವ ಕನ್ನಡ ತಮ್ಮಾ? ನಂದು ತಿಳೀತದೇನು ಅವರಿಗಿ?"