ಬಾರದವರ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ಮಲ್ಪೆ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವೈದ್ಯನಾಗಿ ಸೇರಿದ ಹೊಸತರಲ್ಲಿ, ದಿನದ ಕೊನೆಗೆ ನಾನು ಹಾಕುತ್ತಿದ್ದದ್ದು ಒಂದೇ ಲೆಕ್ಕ: ಇವತ್ತು ಎಷ್ಟು ಚೀಟಿ ಆಯಿತು? ತೊಂಬತ್ತು ದಾಟಿದರೆ ತೃಪ್ತಿ.

ಬೋಟಿನಲ್ಲಿ ದುಡಿಯುವ ಒಬ್ಬರಿಗೆ ಬಿಪಿ ಮದ್ದು ಬರೆದುಕೊಟ್ಟಿದ್ದೆ. ಎರಡು ತಿಂಗಳು ಬಂದರು, ಆಮೇಲೆ ಬರಲಿಲ್ಲ. ಬರಲಿಲ್ಲ ಎಂಬುದು ನಮ್ಮಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಏಳು ತಿಂಗಳ ಮೇಲೆ ಅವರ ಹೆಂಡತಿ ಬಂದು ಮೇಜಿನ ಮೇಲೆ ಪ್ಲಾಸ್ಟಿಕ್ ತೊಟ್ಟೆ ಬಗ್ಗಿಸಿದರು. ನಾನೇ ಬರೆದ ಅಮ್ಲೋಡಿಪಿನ್. ಮೂರೇ ಮಾತ್ರೆ ಒಡೆದಿತ್ತು, ಉಳಿದ ಹಾಳೆಯ ತುಂಬ ಉಪ್ಪುನೀರಿನ ಕಲೆ. "ತಲೆ ತಿರುಗುವುದು ನಿಂತಿತಲ್ಲ, ಇನ್ನು ಮದ್ದು ಯಾಕೆ ಅಂತ ಬಿಟ್ರು ಡಾಕ್ಟ್ರೇ," ಎಂದರು. ಗಂಡನ ಬಲಗೈ, ಬಲಗಾಲು ಸ್ವಾಧೀನ ತಪ್ಪಿತ್ತು.

ಜ್ವರ ಬಂದವರು ತಾವಾಗಿ ಬಾಗಿಲಿಗೆ ಬರುತ್ತಾರೆ. ಬಿಪಿ, ಶುಗರ್ ಇದ್ದವರಿಗೆ ನೋವಿಲ್ಲ, ಅವಸರವಿಲ್ಲ. ಹಾಗಾಗಿ ಹುಡುಕಿಕೊಂಡು ಹೋಗಬೇಕಾದವರು ನಾವು. ಆವತ್ತಿನಿಂದ ನಾನು ಬಂದವರನ್ನು ಬಿಟ್ಟು ಬಾರದವರನ್ನು ಎಣಿಸಲು ಕಲಿತೆ.

ಅದಕ್ಕೆ ಬೇಕಾದದ್ದು ಒಂದು ಮರದ ಪೆಟ್ಟಿಗೆ, ಅದರಲ್ಲಿ ತಿಂಗಳಿಗೊಂದರಂತೆ 12 ಖಾನೆ. ಪ್ರತಿ ರೋಗಿಗೆ ಒಂದು ಕಾರ್ಡು. ಇವತ್ತು ಬಂದವರ ಕಾರ್ಡು ಮುಂದಿನ ಭೇಟಿಯ ತಿಂಗಳಿನ ಖಾನೆಗೆ ಹೋಗುತ್ತದೆ. ತಿಂಗಳ ಕೊನೆಗೆ ಆ ಖಾನೆಯಲ್ಲಿ ಉಳಿದದ್ದೇ ಬಾರದವರ ಪಟ್ಟಿ. ಅದನ್ನು ಹಿಡಿದು ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗುತ್ತಾರೆ. ಈಗ ಮೊಬೈಲಿನಲ್ಲೂ ದಾಖಲೆ ಇದೆ, ಒಳ್ಳೆಯದೇ. ಆದರೆ ಖಾನೆಯಲ್ಲಿ ಉಳಿದ ಕಾರ್ಡು ಕಣ್ಣಿಗೆ ಚುಚ್ಚುವ ಹಾಗೆ ಪರದೆ ಚುಚ್ಚುವುದಿಲ್ಲ.

ಎಲ್ಲವನ್ನೂ ಡಾಕ್ಟರೇ ಮಾಡುತ್ತೇನೆಂದು ಹೊರಟರೆ ಈ ಕೆಲಸ ಸಾಗದು. ನಮ್ಮಲ್ಲಿ ಗುರುವಾರ ಬಿಪಿ-ಶುಗರ್ ದಿನ. ಬಂದವರನ್ನು ಐದು ನಿಮಿಷ ಸುಮ್ಮನೆ ಕೂರಿಸಿ ನರ್ಸ್ ಬಿಪಿ ನೋಡುತ್ತಾರೆ. 140/90ಕ್ಕಿಂತ ಕೆಳಗಿದ್ದು ಬೇರೆ ತೊಂದರೆ ಇಲ್ಲದಿದ್ದರೆ ಅದೇ ಮದ್ದು ಮುಂದುವರಿಯುತ್ತದೆ. ಹತೋಟಿಗೆ ಬಾರದವರ ಜೊತೆ ನಾನು ಸಾವಕಾಶವಾಗಿ ಕೂರುತ್ತೇನೆ. ಶುಗರ್ ಇದ್ದವರ ಚಪ್ಪಲಿ ಬಿಡಿಸಿ ಅಂಗಾಲು ನೋಡುವುದು, ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆಗೆ ಕಳಿಸುವುದು, ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಮಾಡಿಸುವುದು, ಎಲ್ಲವೂ ಕಾರ್ಡಿನಲ್ಲಿ ಬರೆದಿರುತ್ತದೆ. ಡಾಕ್ಟರು ವರ್ಗವಾಗಿ ಹೋದರೂ ಕಾರ್ಡು ಇಲ್ಲೇ ಇರುತ್ತದೆ.

ಮನಸ್ಸಿಗೆ ನೋವಾಗುವ ಒಂದು ಮಾತು ಹೇಳಲೇಬೇಕು. ಮೂರು ಬಸ್ಸು ಬದಲಿಸಿ ಬಂದ ಅಜ್ಜಿಗೆ "ಮದ್ದು ಮುಗಿದಿದೆ, ಮುಂದಿನ ವಾರ ಬನ್ನಿ" ಎಂದರೆ, ಆಕೆ ಮತ್ತೆ ಬರುವುದು ಕಷ್ಟ. ದಾಸ್ತಾನು ಮುಗಿಯುವ ಮೊದಲೇ ಬೇಡಿಕೆ ಕಳಿಸುವುದೂ ಚಿಕಿತ್ಸೆಯೇ.

ನಮ್ಮ ಕರಾವಳಿಗೆ ಅದರದೇ ಪಂಚಾಂಗವಿದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ವರ್ಷವಿಡೀ ಕೈಗೆ ಸಿಗದ ಗಂಡಸರು ಆಗ ಊರಲ್ಲಿರುತ್ತಾರೆ. 30 ವರ್ಷ ದಾಟಿದವರ ತಪಾಸಣೆಗೆ ಅದಕ್ಕಿಂತ ಒಳ್ಳೆಯ ಕಾಲ ಬೇರೆ ಇಲ್ಲ. ಆಗಸ್ಟಿನಲ್ಲಿ ಬೋಟು ಮತ್ತೆ ಕಡಲಿಗೆ ಇಳಿಯುವಾಗ ಮದ್ದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಕೊಡುತ್ತೇವೆ, ಟ್ರಿಪ್ಪಿಗೆ ಬೇಕಾದದ್ದಕ್ಕಿಂತ ಒಂದಿಷ್ಟು ಹೆಚ್ಚೇ. ಮಳೆಗಾಲದ ಗಂಜಿಗೆ ಒಣಮೀನು, ಉಪ್ಪಿನಕಾಯಿ ಬೇಡವೆಂದರೆ ಯಾರು ಕೇಳುತ್ತಾರೆ? ಎರಡರಲ್ಲಿ ಒಂದು ಸಾಕು ಎನ್ನುತ್ತೇನೆ. ದಿನಕ್ಕೆ ಉಪ್ಪು 5 ಗ್ರಾಮಿನೊಳಗೆ, ಅಂದರೆ ಒಂದು ಟೀ ಚಮಚದೊಳಗೆ ಇರಬೇಕು. ಅದರಲ್ಲಿ ಒಣಮೀನಿನ ಉಪ್ಪೂ ಸೇರಿತು.

ಆ ಬೋಟಿನವರು ಈಗ ಕೋಲೂರಿಕೊಂಡು ತಪ್ಪದೆ ಬರುತ್ತಾರೆ. ಬಾರದವರಲ್ಲಿ ಯಾರಾದರೂ ಈಗ ಕೇಳುತ್ತಿದ್ದರೆ, ಈ ಗುರುವಾರ ನಿಮ್ಮ ಹತ್ತಿರದ ಕೇಂದ್ರಕ್ಕೆ ಹೋಗಿ. ಮದ್ದಿನ ತೊಟ್ಟೆಯನ್ನೂ ಹಿಡಿದುಕೊಂಡು ಹೋಗಿ. ಮಾತ್ರೆ ಉಳಿದಿದ್ದರೆ ಅಡಗಿಸಬೇಡಿ, ಎಷ್ಟು ಉಳಿದಿದೆ ಎಂದು ನೋಡಿಯೇ ಮಾತು ಶುರುಮಾಡಬೇಕು.

ನಮಸ್ಕಾರ.