ಅರ ಹಿಡಿದು ತೋರಿಸುವ ಮೇಷ್ಟ್ರು

ಕೇಳುಗರೆ, ನಮಸ್ಕಾರ.

ಈಗ ಅಡಿಕೆ ಕೊಯ್ಲು. ಸಾಗರ, ತೀರ್ಥಹಳ್ಳಿ ಕಡೆ ಎಷ್ಟೋ ಮನೆಗಳ ಅಂಗಳದಲ್ಲಿ ಸುಲಿಯುವ ಯಂತ್ರದ ಸದ್ದು. ಯಂತ್ರ ಕೆಟ್ಟಾಗ ಬಂದ ಹುಡುಗ ಬೇರಿಂಗ್ ಬಿಸಿಯಾಗಿದೆಯೇ ಎಂದು ಮೊದಲು ಮುಟ್ಟಿ ನೋಡುತ್ತಾನೋ, ಸುಮ್ಮನೆ ಸ್ವಿಚ್ ಒತ್ತುತ್ತಾನೋ, ಅಷ್ಟರಲ್ಲೇ ಅವನಿಗೆ ಕಲಿಸಿದವರು ಎಂಥವರು ಅಂತ ನನಗೆ ಗೊತ್ತಾಗುತ್ತದೆ. ಐಟಿಐಯಲ್ಲಿ ಬಹಳ ವರ್ಷ ಫಿಟ್ಟರ್, ಅಂದರೆ ಯಂತ್ರದ ಭಾಗಗಳನ್ನು ಅಳತೆಗೆ ತಂದು ಜೋಡಿಸುವ ಕೆಲಸ ಕಲಿಸುವ ವಿಭಾಗದ ಮೇಷ್ಟ್ರಾಗಿದ್ದವನು ನಾನು.

ದೇಶದಲ್ಲಿ ಐಟಿಐಗಳ ಕುಶಲಕರ್ಮಿ ತರಬೇತಿ ಯೋಜನೆ ಶುರುವಾದದ್ದು 1950ರಲ್ಲಿ. ಫಿಟ್ಟರ್ ಕಲಿಕೆ ಎರಡು ವರ್ಷ. ಶುರುವಿಗೆಲ್ಲ ಅರ ಹಿಡಿಯುವ ಕೆಲಸವೇ. ಕಬ್ಬಿಣದ ತುಂಡನ್ನು ಉಜ್ಜಿ, ಮೂಲೆ ನೇರವಿದೆಯೇ ಎಂದು ನೋಡುವ ಟ್ರೈಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿಯಬೇಕು. ಸಂದಿಯಲ್ಲಿ ಬೆಳಕು ಕಂಡಿತೋ, ಮತ್ತೆ ಉಜ್ಜಬೇಕು. ಮುಂದಕ್ಕೆ ತಳ್ಳುವಾಗ ಒತ್ತು, ಹಿಂದಕ್ಕೆ ತರುವಾಗ ಹಗುರ. ಇದನ್ನು ಬೋರ್ಡಿನ ಮೇಲೆ ಬರೆದರೆ ಬರುವುದಿಲ್ಲ. ಮೇಷ್ಟ್ರು ಪಕ್ಕದಲ್ಲಿ ನಿಂತು ತಾವೇ ಉಜ್ಜಿ ತೋರಿಸಬೇಕು. ನನಗೆ ಹಾಗೆ ತೋರಿಸಿದವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ಬಂದವರು.

ನಾನಿದ್ದ ಒಂದು ಸಂಸ್ಥೆಗೆ ಒಂದು ವರ್ಷ ಕಚ್ಚಾಮಾಲು ಸರಿಯಾಗಿ ಬರಲಿಲ್ಲ. ನಾಲ್ವರು ಹುಡುಗರಿಗೆ ಒಂದೇ ತುಂಡು. ನಾನೂ ದಾಖಲಾತಿ, ಹಾಜರಿ, ಸ್ಕಾಲರ್‌ಶಿಪ್ ಅರ್ಜಿ ಅಂತ ಕಚೇರಿಯಲ್ಲೇ ಉಳಿದೆ. ಹುಡುಗರೇನೋ ಪಾಸಾದರು. ಅವರಲ್ಲೊಬ್ಬ ಶಿವಮೊಗ್ಗದ ಹತ್ತಿರ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕೆ ಸೇರಿ ಮೂರೇ ದಿನಕ್ಕೆ ವಾಪಸು ಬಂದ. ಸೂಕ್ಷ್ಮ ಅಳತೆಯ ಸಾಧನವಾದ ವರ್ನಿಯರ್‌ನಲ್ಲಿ 0.02 ಮಿಲಿಮೀಟರ್ ಓದಲು ಬರಲಿಲ್ಲ. "ಸಾರ್, ನೀವು ತೋರಿಸಿರಲಿಲ್ಲ" ಅಂದ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಎರಡು ವಾರ ಸಂಜೆ ಮನೆಗೆ ಕರೆಸಿ ಕಲಿಸಿದೆ. ಉಳಿದವರು ಏನಾದರೋ ತಿಳಿಯದು.

ಮೇಷ್ಟ್ರುಗಳಿಗೂ ಒಂದು ವರ್ಷದ ಬೋಧಕ ತರಬೇತಿ ಇದೆ, ಒಳ್ಳೆಯದೇ. ಆದರೆ ಅದು ಮುಗಿದ ಮೇಲೆ ಕಾರ್ಖಾನೆಯ ಬಾಗಿಲನ್ನೇ ನೋಡದೆ ಇಪ್ಪತ್ತು ವರ್ಷ ಪಾಠ ಮಾಡಿದರೆ ಕೈಗೆ ಕೆಲಸ ಮರೆತುಹೋಗುತ್ತದೆ. ಕಂಪ್ಯೂಟರ್‌ನಿಂದ ನಡೆಯುವ ಸಿಎನ್‌ಸಿ ಯಂತ್ರ ತಂದಿಟ್ಟರೆ ಸಾಲದು, ಅದನ್ನು ನಡೆಸಲು ಮೇಷ್ಟ್ರಿಗೇ ಧೈರ್ಯ ಬರಬೇಕು. ವರ್ಷಕ್ಕೆ ಹದಿನೈದು ದಿನವಾದರೂ ಬೋಧಕರನ್ನು ಕಾರ್ಖಾನೆಗೆ ಕಳಿಸಿ, ಗುಮಾಸ್ತರ ಕೆಲಸ ಗುಮಾಸ್ತರಿಗೇ ಬಿಡಿ ಎಂದು ಇಲಾಖೆಯವರನ್ನು ಕೈಮುಗಿದು ಕೇಳುತ್ತೇನೆ.

ತಂದೆತಾಯಂದಿರೇ, ಮಗನನ್ನೋ ಮಗಳನ್ನೋ ಐಟಿಐಗೆ ಸೇರಿಸುವ ಮುಂಚೆ ಒಮ್ಮೆ ವರ್ಕ್‌ಶಾಪಿನ ಒಳಗೆ ಹೋಗಿ. ತುಂಡನ್ನು ಬಿಗಿಹಿಡಿಯುವ ವೈಸ್‌ಗಳ ಕೆಳಗೆ ಕಬ್ಬಿಣದ ಪುಡಿ ಬಿದ್ದಿದೆಯೇ ನೋಡಿ. ಮೇಷ್ಟ್ರ ಅಂಗೈಯನ್ನೂ ನೋಡಿ.

ನಮಸ್ಕಾರ.